ಪೋರ್ಚುಗಲ್ಲಿಗೆ ಹೋಗುವವರಿಗೆ ನಾನು ಬರೆದ ಹಾಳೆ

ನನ್ನ ಹಾಳೆಯಲ್ಲಿ ಒಂದು ಸಾಲು ತಪ್ಪಾಗಿದೆ ಎಂದು ನನಗೆ ತಿಳಿದಾಗ ಮಂಗಳೂರಿನ ಹಂಪನಕಟ್ಟೆಯಲ್ಲಿ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಪೋರ್ಚುಗಲ್ಲಿನಲ್ಲಿ ಆಗ ಬೆಳಿಗ್ಗೆ ಹತ್ತು ನಲವತ್ತು. ಈ ಲೆಕ್ಕವನ್ನು ಅವತ್ತು ಎಷ್ಟು ಸಲ ಮಾಡಿದೆನೋ ಗೊತ್ತಿಲ್ಲ. ನಾಲ್ಕೂವರೆ ಗಂಟೆ ಕಳೆದರೆ ಆಯಿತು. ಅಷ್ಟು ಸುಲಭದ ಲೆಕ್ಕವೂ ಅವಸರದಲ್ಲಿ ತಪ್ಪುತ್ತದೆ. ಬೆರಳು ಮಡಚಿ ಎಣಿಸಬೇಕಾಗುತ್ತದೆ.

ನಾನು ಒಂದು ಸಣ್ಣ ಟ್ರಾವೆಲ್ಸ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಲಾಡ್ಜ್ ಒಂದರ ಮೊದಲ ಮಹಡಿ, ಎರಡು ಮೇಜು, ಒಂದು ಪ್ರಿಂಟರ್. ಟಿಕೆಟ್, ವೀಸಾ, ಹೋಟೆಲ್ ಎಲ್ಲ ಧಣಿಗಳ ಕೆಲಸ. ನನ್ನದು ಹಾಳೆ ಬರೆಯುವುದು. ನಮ್ಮಲ್ಲಿಂದ ಗುಂಪು ಕಟ್ಟಿಕೊಂಡು ಯುರೋಪಿಗೆ ಹೋಗುವವರು ಹೆಚ್ಚಿನವರೂ ವಯಸ್ಸಾದವರು. ಅಲ್ಲಿನ ಕಂಪನಿ ಇಂಗ್ಲಿಷಿನಲ್ಲಿ ಕಳಿಸುವ ಮಾಹಿತಿಯನ್ನು ಅವರು ಓದುವುದಿಲ್ಲ, ಮಡಚಿ ಬ್ಯಾಗಿನ ಜಿಪ್ಪಿನೊಳಗೆ ಹಾಕಿ ಮರೆತುಬಿಡುತ್ತಾರೆ. ಅದಕ್ಕೆ ನಾನು ಕನ್ನಡದಲ್ಲಿ, ಎದುರು ಕೂತು ಹೇಳಿದ ಹಾಗೆ, ದೊಡ್ಡ ಅಕ್ಷರದಲ್ಲಿ ಬರೆದು ಕೊಡುತ್ತೇನೆ. ಎರಡು ಬೆರಳಿನಲ್ಲಿ ಟೈಪ್ ಮಾಡುವವನು ನಾನು. ಒಂದು ಹಾಳೆಗೆ ಎರಡು ದಿನ ಬೇಕು.

ನಾನು ಯಾವ ದೇಶವನ್ನೂ ನೋಡಿದವನಲ್ಲ. ವಿಮಾನವನ್ನು ಬಜಪೆ ವಿಮಾನ ನಿಲ್ದಾಣದ ಗೇಟಿನ ಹೊರಗೆ ನಿಂತು ನೋಡಿದ್ದೇನೆ, ಅಷ್ಟೇ. ಹಾಗಾಗಿ ನಾನೊಂದು ಪದ್ಧತಿ ಇಟ್ಟುಕೊಂಡಿದ್ದೆ. ಒಂದು ಗುಂಪು ವಾಪಸ್ ಬಂದು ನಿದ್ರೆ ಎಲ್ಲ ಮುಗಿಸಿದ ಮೇಲೆ ಅವರ ಮನೆಗೆ ಹೋಗಿ, ಎಂತ ಚಂದ ಇತ್ತು ಎಂದು ಕೇಳದೆ, ಎಂತ ಕಷ್ಟ ಆಯಿತು ಎಂದು ಕೇಳುತ್ತಿದ್ದೆ. ಕಷ್ಟ ಕೇಳಿದರೆ ಜನ ಸರಿಯಾಗಿ ಹೇಳುತ್ತಾರೆ. ಹಾಗೆ ಸಿಕ್ಕಿದ್ದನ್ನೇ ಬರೆಯುತ್ತಿದ್ದೆ. ಹೋಟೆಲಿನಲ್ಲಿ ನೀವು ಕೇಳದೆಯೇ ರೊಟ್ಟಿ, ಬೆಣ್ಣೆ, ಉಪ್ಪಿನಲ್ಲಿ ಹಾಕಿದ ಆಲಿವ್ ಕಾಯಿ ತಂದು ಮೇಜಿನ ಮೇಲೆ ಇಡುತ್ತಾರೆ. ಅದು ಪುಕ್ಕಟೆ ಅಲ್ಲ, ಬೇಡವಾದರೆ ಮುಟ್ಟದೆ ವಾಪಸ್ ಕಳಿಸಿ. ನಲ್ಲಿಯ ನೀರು ಕುಡಿಯಬಹುದು. ಹಾಲಿನ ಸಿಹಿ, ತುಪ್ಪ ತೆಗೆದುಕೊಂಡು ಹೋಗಬೇಡಿ, ವಿಮಾನ ನಿಲ್ದಾಣದಲ್ಲಿ ತೆಗೆಸುತ್ತಾರೆ. ಟ್ರಾಮಿನಲ್ಲಿ ನೂಕುನುಗ್ಗಲು ಇದ್ದರೆ ಪರ್ಸು ಎದೆಗೆ ಹಿಡಿದುಕೊಳ್ಳಿ. ರಸ್ತೆಯ ಕಲ್ಲು ನುಣುಪು, ಮಳೆ ಬಂದರೆ ಜಾರುತ್ತದೆ, ರಬ್ಬರ್ ಅಟ್ಟೆಯ ಚಪ್ಪಲಿ ಬೇಕು. ಇವೆಲ್ಲ ಯಾರೋ ಒಬ್ಬರು ಅಲ್ಲಿ ಜಾರಿದ್ದರಿಂದ, ಕಳೆದುಕೊಂಡಿದ್ದರಿಂದ ನನಗೆ ತಿಳಿದದ್ದು.

ತಪ್ಪಾದ ಸಾಲು ಮಾತ್ರ ಯಾರನ್ನೂ ಕೇಳದೆ ಬರೆದದ್ದು.

ಅದು ದಸರಾ ರಜೆಯ ಗುಂಪು. ಹದಿನಾಲ್ಕು ಜನ, ನಿವೃತ್ತ ಶಿಕ್ಷಕರು ಮತ್ತು ಅವರ ಗಂಡ ಹೆಂಡಿರು. ಪೋರ್ಚುಗಲ್ಲಿನ ದಕ್ಷಿಣದ ಕಡಲ ಕರೆಯಲ್ಲಿ, ಬೀಚಿನ ಬದಿಯ ಹೋಟೆಲಿನಲ್ಲಿ, ಐದು ದಿನ. ಅವರನ್ನೆಲ್ಲ ಒಟ್ಟು ಮಾಡಿದವರು ನನ್ನ ಟೀಚರ್. ನನ್ನ ಟೀಚರ್ ಎಂದರೆ ನಾನು ಸಣ್ಣವನಿದ್ದಾಗ ಕಲಿಸಿದವರಲ್ಲ. ಸಣ್ಣವನಿದ್ದಾಗ ನಾನು ಶಾಲೆಯಲ್ಲಿ ಇರಲಿಲ್ಲ, ಅಪ್ಪನ ದೋಣಿಯಲ್ಲಿದ್ದೆ. ಹನ್ನೊಂದನೆಯ ವಯಸ್ಸಿಗೆ ಬಲೆ ಎಳೆಯಲು ಹೋದವನು ಇಪ್ಪತ್ತನಾಲ್ಕಕ್ಕೆ ಸಂಜೆ ಕ್ಲಾಸಿಗೆ ಬಂದು ಕೂತೆ. ನನಗೆ ಒತ್ತಕ್ಷರ ಬರೆಸಿ, ಗಣಿತ ಬಿಡಿಸಿ, ಇಪ್ಪತ್ತೊಂಬತ್ತಕ್ಕೆ ಎಸ್ಸೆಸ್ಸೆಲ್ಸಿ ಪಾಸು ಮಾಡಿಸಿದವರು ಅವರು. ಈಗ ಅವರ ಜಡೆ ಪೂರ್ತಿ ಬೆಳ್ಳಗಾಗಿದೆ, ಮೊಣಕಾಲು ನೋವು, ಕೋಲು ಹಿಡಿದು ನಡೆಯುತ್ತಾರೆ. ಆದರೂ ನಾನು ಏನು ಬರೆದರೂ ಅವರಿಗೆ ತೋರಿಸದೆ ಪ್ರಿಂಟ್ ತೆಗೆಯುತ್ತಿರಲಿಲ್ಲ.

ಈ ಹಾಳೆಯನ್ನೂ ತೋರಿಸಿದ್ದೆ. ಅವರು ಪೆನ್ಸಿಲ್ ಹಿಡಿದು ಒಂದೊಂದೇ ಸಾಲು ಓದಿದರು. ರೊಟ್ಟಿಯ ವಿಷಯ ಓದಿ ನಕ್ಕರು. ಬೀಚಿನ ಭಾಗಕ್ಕೆ ಬಂದಾಗ ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿದರು.

"ಕಡಲಿನ ವಿಷಯ ನಿನಗೆ ಗೊತ್ತುಂಟು, ನನಗೆ ಗೊತ್ತಿಲ್ಲ. ಅದರಲ್ಲಿ ನಾನು ಕೈ ಹಾಕುವುದಿಲ್ಲ" ಎಂದರು.

ನನಗೆ ಆಗ ಎಷ್ಟು ಸಂತೋಷವಾಯಿತು ಎಂದರೆ, ಮನೆಗೆ ಹೋಗುವಾಗ ಬಸ್ಸಿನಲ್ಲಿ ಅದನ್ನೇ ನೆನೆಸಿಕೊಂಡು ನನ್ನ ಸ್ಟಾಪು ದಾಟಿ ಹೋಗಿದ್ದೆ.

ಅವರು ಹೋಗಿ ಮೂರನೆಯ ದಿನ ಮಧ್ಯಾಹ್ನ ಧಣಿಗಳು ಒಂದು ಕುಟುಂಬವನ್ನು ಬಿಡಲು ಬಜಪೆಗೆ ಹೋಗಿದ್ದರು. ಆಫೀಸಿನಲ್ಲಿ ನಾನೊಬ್ಬನೇ. ಬಂದರಿನ ಕಡೆಯ ಒಬ್ಬರು ಬ್ಯಾರಿ ಕಾಕ ದುಬೈಯಲ್ಲಿರುವ ಮಗಳ ಮನೆಗೆ ಹೋಗುವ ಟಿಕೆಟಿನ ಪ್ರಿಂಟಿಗಾಗಿ ಬಂದು ಕೂತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು. ಮೊದಲು ಸರಕಿನ ಹಡಗಿನಲ್ಲಿ ಅಡುಗೆಯವರಾಗಿ ಯುರೋಪಿನ ಬಂದರುಗಳನ್ನೆಲ್ಲ ಸುತ್ತಿದವರು. ಪ್ರಿಂಟರ್ ಎಂದಿನಂತೆ ಕಾಗದ ನುಂಗಿ ನಿಂತಿತ್ತು. ನಾನು ಅದನ್ನು ಬಿಚ್ಚುತ್ತಿದ್ದಾಗ ಅವರು ಮೇಜಿನ ಮೇಲೆ ಉಳಿದಿದ್ದ ಒಂದು ಹಾಳೆ ಎತ್ತಿಕೊಂಡು ಕನ್ನಡಕ ಹಾಕಿ ಓದತೊಡಗಿದರು. ತುಟಿ ಅಲುಗಾಡಿಸಿ, ಸಣ್ಣ ಸ್ವರದಲ್ಲಿ.

"ರೊಟ್ಟಿದು ಬರ್ದದ್ದು ಒಳ್ಳೇದಾಯ್ತು. ನಮ್ಮವರು ಒಬ್ರು ಅದರಲ್ಲೇ ಹೊಟ್ಟೆ ತುಂಬಿಸಿ ಆಮೇಲೆ ಜಗಳ ಮಾಡಿದ್ರು" ಎಂದು ನಕ್ಕರು. ಆಮೇಲೆ ಒಂದು ಸಾಲನ್ನು ಎರಡನೆಯ ಸಲ ಓದಿದರು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಕೇಳಿದರು. "ಈ ನೀರಿಂದು ನಿನಗೆ ಯಾರು ಹೇಳಿದ್ದು?"

"ಯಾವುದು ಕಾಕ?"

ಅವರು ಬೆರಳಿಟ್ಟು ಓದಿದರು. ನಾನು ಬರೆದದ್ದು ಹೀಗಿತ್ತು: 'ಬೀಚಿನ ಎಡತುದಿಯಲ್ಲಿ ಬಂಡೆಯಲ್ಲಿ ಬಾಗಿಲಿನ ಹಾಗೆ ದೊಡ್ಡ ತೂತು ಉಂಟು. ಇಳಿತದ ಹೊತ್ತು ಅದರೊಳಗಿಂದ ನಡೆದು ಆಚೆಯ ಸಣ್ಣ ಬೀಚಿಗೆ ಹೋಗಬಹುದು. ತುಂಬಾ ಚಂದ ಉಂಟಂತೆ, ಬಿಡಬೇಡಿ. ಉಬ್ಬರ ಬಂದರೆ ಗಾಬರಿ ಬೇಡ. ನೀರು ನಾಲ್ಕು ಹೆಜ್ಜೆ ಮೇಲೆ ಬರುತ್ತದೆ, ಅಷ್ಟೇ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ನಿಧಾನಕ್ಕೆ ವಾಪಸ್ ಬನ್ನಿ.'

"ಅದಕ್ಕೆ ಯಾರು ಹೇಳ್ಬೇಕು ಕಾಕ. ಕಡಲಲ್ವಾ" ಎಂದೆ. "ನಾನು ಹುಟ್ಟಿದ್ದೇ ಕಡಲ ಕರೆಯಲ್ಲಿ."

"ಯಾವ ಕಡಲು?" ಎಂದರು ಅವರು.

ಕಡಲಿಗೆ ಯಾವ ಕಡಲು ಎಂದು ನನ್ನನ್ನು ಯಾರೂ ಕೇಳಿದ್ದೇ ಇಲ್ಲ.

ಕಾಕ ಹಾಳೆಯನ್ನು ಕೆಳಗಿಟ್ಟರು. ನಮ್ಮ ಕಡಲು ಒಂದು ಕೆರೆ ಇದ್ದ ಹಾಗೆ ಮಾರಾಯ, ಎಂದರು. ಆ ಕಡೆಯ ಬಂದರುಗಳಲ್ಲಿ ಬೆಳಿಗ್ಗೆ ಹಡಗಿನಿಂದ ದಕ್ಕೆಯ ಕಟ್ಟೆಗೆ ಏಣಿ ಹತ್ತಿ ಹೋಗಬೇಕು, ಮಧ್ಯಾಹ್ನ ತರಕಾರಿ ತೆಗೆದುಕೊಂಡು ಬಂದರೆ ಅದೇ ಹಡಗಿಗೆ ಏಣಿ ಇಳಿದಲ್ಲ, ಏಣಿ ಹತ್ತಿ ಹೋಗಬೇಕು. ಆರು ಗಂಟೆಯೊಳಗೆ ಎರಡು ಆಳು ಒಬ್ಬರ ಮೇಲೊಬ್ಬರು ನಿಂತಷ್ಟು ನೀರು ಏರುತ್ತದೆ. ಅಮಾವಾಸ್ಯೆ ಹುಣ್ಣಿಮೆಗೆ ಇನ್ನೂ ಜಾಸ್ತಿ. ಇಷ್ಟು ಹೇಳಿ ಅವರು ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. ನಾನೂ ನೋಡಿದೆ. ನವರಾತ್ರಿ ಶುರುವಾಗಿ ಎರಡು ದಿನ. ಅಂದರೆ ಅಮಾವಾಸ್ಯೆ ಕಳೆದು ಎರಡೇ ದಿನ.

"ಯಾರಾದ್ರೂ ಹೋಗಿದ್ದಾರಾ ಇದನ್ನು ಹಿಡ್ಕೊಂಡು?" ಎಂದು ಕೇಳಿದರು.

ನಾನು ಫೋನು ತೆಗೆದೆ. ಗುಂಪಿನ ವಾಟ್ಸಾಪಿನಲ್ಲಿ ಟೀಚರ್ ಬರೆದ ಕೊನೆಯ ಮಾತು ನಮ್ಮ ಮಧ್ಯಾಹ್ನ ಒಂದೂ ಕಾಲು ಗಂಟೆಯದು. 'ತಿಂಡಿ ಆಯಿತು. ನಾವೆಲ್ಲ ನಿನ್ನ ಬಂಡೆಯ ಬಾಗಿಲು ನೋಡಲು ಹೊರಟೆವು.' ಅದರ ಕೆಳಗೆ ನಾನು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ್ದೆ.

ಇಂಗ್ಲಿಷ್ ಹಾಳೆಯನ್ನು ಫೈಲಿನಿಂದ ಹೊರಗೆ ತೆಗೆದೆ. ಅಲ್ಲಿ ಸರಿಯಾಗಿಯೇ ಇತ್ತು. ಪಕ್ಕದ ಬೀಚಿಗೆ ಹೋಗುವ ಮೊದಲು ಉಬ್ಬರ ಇಳಿತದ ವೇಳಾಪಟ್ಟಿ ನೋಡಿ, ಇಳಿತ ಮುಗಿದ ಮೇಲೆ ಅಲ್ಲಿ ಉಳಿಯಬೇಡಿ ಎಂದು ದಪ್ಪ ಅಕ್ಷರದಲ್ಲಿತ್ತು. ಬರೆಯುವಾಗ ನಾನು ಅದನ್ನು ಓದಿದ್ದೆ, ಅರ್ಥವೂ ಆಗಿತ್ತು. ಇದು ಕಡಲು ನೋಡದವರಿಗೆ ಬರೆದದ್ದು, ಮಂಗಳೂರಿನವರಿಗೆ ಇದರ ಅಗತ್ಯ ಇಲ್ಲ ಎಂದುಕೊಂಡು ಬಿಟ್ಟಿದ್ದೆ. ಬಿಟ್ಟದ್ದು ಮಾತ್ರವಲ್ಲ, ಆ ಜಾಗದಲ್ಲಿ ನನ್ನ ನಾಲ್ಕು ಹೆಜ್ಜೆ ಹಾಕಿದ್ದೆ.

ಕಂಪ್ಯೂಟರಿನಲ್ಲಿ ಹುಡುಕಿದೆ. ಅವತ್ತು ಆ ಊರಿನಲ್ಲಿ ಇಳಿತ ಬೆಳಿಗ್ಗೆ ಹತ್ತಕ್ಕೆ, ಉಬ್ಬರ ನಾಲ್ಕು ದಾಟಿದ ಮೇಲೆ. ಏರುವ ನೀರು ಮೂರು ಮೀಟರಿಗೂ ಮಿಕ್ಕಿ. ಇನ್ನೊಂದು ಕಡೆ ಆ ಬಂಡೆಯ ಚಿತ್ರ ಸಿಕ್ಕಿತು. ಆಚೆಯ ಸಣ್ಣ ಬೀಚಿನ ಹಿಂದೆ ಮನೆಯ ಗೋಡೆಯಂತೆ ನೇರವಾಗಿ ನಿಂತ ಹಳದಿ ಬಂಡೆ, ಹತ್ತಲು ಮೆಟ್ಟಿಲಿಲ್ಲ. ಒಳಗೆ ಹೋಗಲೂ ಹೊರಗೆ ಬರಲೂ ಆ ತೂತು ಒಂದೇ. ಇಳಿತ ಮುಗಿದು ಎರಡು ಗಂಟೆಗೆ ಅದು ಮುಚ್ಚುತ್ತದೆ ಎಂದು ಯಾರೋ ಬರೆದಿದ್ದರು. ಹತ್ತು, ಎರಡು ಸೇರಿದರೆ ಹನ್ನೆರಡು. ಅಲ್ಲಿಯ ಹನ್ನೆರಡು ಎಂದರೆ ನಮ್ಮ ನಾಲ್ಕೂವರೆ. ನಮ್ಮ ಗಡಿಯಾರದಲ್ಲಿ ಮೂರೂ ಇಪ್ಪತ್ತು.

ಗುಂಪಿಗೆ ಬರೆದೆ: 'ಕೂಡಲೇ ವಾಪಸ್ ಬನ್ನಿ. ನೀರು ಏರುತ್ತದೆ. ನನ್ನ ತಪ್ಪು.' ಒಂದೇ ಟಿಕ್ ಬಿತ್ತು. ಹದಿನಾಲ್ಕು ನಂಬರಿಗೂ ಒಂದೊಂದಾಗಿ ಫೋನ್ ಮಾಡಿದೆ. ಎಲ್ಲವೂ ಸ್ವಿಚ್ ಆಫ್. ಆಗ ನೆನಪಾಯಿತು, ಅದನ್ನೂ ನಾನೇ ಬರೆದಿದ್ದೆ. 'ಹೊರಗೆ ಹೋಗುವಾಗ ಫೋನನ್ನು ಏರೋಪ್ಲೇನ್ ಮೋಡಿನಲ್ಲಿಡಿ. ಹೋಟೆಲಿಗೆ ಬಂದ ಮೇಲೆ ವೈಫೈಯಲ್ಲಿ ಮಾತಾಡಿ.' ಹಿಂದಿನ ಗುಂಪಿನ ಒಬ್ಬರು ದೊಡ್ಡ ಬಿಲ್ಲು ಬಂದು ಆಫೀಸಿಗೆ ಬಂದು ಕೂಗಾಡಿದ್ದಕ್ಕೆ ಹಾಕಿದ ಸಾಲು ಅದು. ಶಿಕ್ಷಕರಲ್ಲವೇ, ಹದಿನಾಲ್ಕು ಮಂದಿಯೂ ಚಾಚೂ ತಪ್ಪದೆ ಪಾಲಿಸಿದ್ದರು.

ಧಣಿಗಳಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿದೆ. ಏರ್‌ಪೋರ್ಟಿನ ಅನೌನ್ಸ್‌ಮೆಂಟ್ ಹಿಂದಿನಿಂದ ಕೇಳುತ್ತಿತ್ತು. ಅವರು, ಹೋಟೆಲಿನ ನಂಬರು ಹಸಿರು ಫೈಲಿನ ವೋಚರಿನಲ್ಲಿ ಉಂಟು, ತಾನು ಬರಲಿಕ್ಕೆ ಒಂದು ಗಂಟೆ ಬೇಕು, ನೀನೇ ಮಾತಾಡು ಎಂದರು.

"ನನ್ನ ಇಂಗ್ಲಿಷ್" ಎಂದು ಶುರು ಮಾಡಿದೆ.

"ಅಲ್ಲಿ ನಿನಗೆ ಮಾರ್ಕ್ಸ್ ಕೊಡ್ಲಿಕ್ಕೆ ಯಾರೂ ಕೂತಿಲ್ಲ. ಮಾಡು ಬೇಗ."

ನಾನು ಒಂದು ಕಾಗದ ಎಳೆದುಕೊಂಡು ಹೇಳಬೇಕಾದ ವಾಕ್ಯ ಬರೆಯಲು ಕೂತೆ. ಅದು ನನ್ನ ಅಭ್ಯಾಸ, ಬರೆಯದೆ ನನಗೆ ಇಂಗ್ಲಿಷ್ ಬಾಯಿಗೆ ಬರುವುದಿಲ್ಲ. ಕಾಕ ಕೈ ಚಾಚಿ ಪೆನ್ನು ಕಸಿದುಕೊಂಡರು. ನೀನು ಪ್ರಬಂಧ ಬರೆದು ಮುಗಿಸುವಾಗ ಅಲ್ಲಿ ನೀರು ಕುತ್ತಿಗೆಗೆ ಬರ್ತದೆ, ಎಂದರು.

ಮೊದಲನೆಯ ಸಲ ರೆಕಾರ್ಡು ಮಾಡಿದ ಮಾತು, ಅವರ ಭಾಷೆಯಲ್ಲಿ, ಹಿಂದೆ ಪಿಯಾನೋ. ಕಟ್ಟಾಯಿತು. ಎರಡನೆಯ ಸಲ ಒಬ್ಬ ಗಂಡಸು ಎತ್ತಿ, ನಾನು ಎರಡು ಮಾತು ಹೇಳುವಷ್ಟರಲ್ಲಿ ಬೇರೆ ಯಾವುದೋ ಕಡೆಗೆ ದಾಟಿಸಿದ. ಅಲ್ಲಿ ರಿಂಗಾಗಿ ರಿಂಗಾಗಿ ನಿಂತಿತು. ಮೂರನೆಯ ಸಲ ಒಬ್ಬಳು ಹೆಂಗಸು. ಸ್ವರ ಕೇಳಿದರೆ ವಯಸ್ಸು ಹೆಚ್ಚಿಲ್ಲ. ನಾನು ಮಂಗಳೂರು ಇಂಡಿಯಾ ಎಂದೆ. ಹದಿನಾಲ್ಕು ಜನ ಎಂದೆ, ವಯಸ್ಸಾದವರು ಎಂದೆ. ಬಂಡೆಯ ಬಾಗಿಲು ಎನ್ನಲು 'ರಾಕ್ ಡೋರ್' ಎಂದೆ, ಅವಳಿಗೆ ತಿಳಿಯಲಿಲ್ಲ. ಬಾಗಿಲು ಕೆಟ್ಟಿದೆಯೇ, ಯಾವ ರೂಮು ಎಂದು ಕೇಳಿದಳು. ಪಕ್ಕದಲ್ಲಿ ನಿಂತಿದ್ದ ಕಾಕ ನನ್ನ ತೋಳು ಹಿಡಿದು ಅಲುಗಾಡಿಸಿದರು.

"ಉಬ್ಬರಕ್ಕೆ ಟೈಡ್ ಅಂತ ಹೇಳು. ಟೈಡ್."

ನಾನು ಟೈಡ್ ಎಂದೆ. ಅವಳು ಒಂದೇ ಪ್ರಶ್ನೆ ಕೇಳಿದಳು, ಎಷ್ಟು ಹೊತ್ತಿಗೆ ಹೊರಟರು ಎಂದು. ಅಲ್ಲಿಯ ಎಂಟು ನಲವತ್ತೈದು ಎಂದೆ. ಈ ಸಲ ಬೆರಳು ಎಣಿಸಲಿಲ್ಲ. ಅವರಿಗೆ ಗೊತ್ತಿಲ್ಲ, ನಾನು ತಪ್ಪು ಬರೆದು ಕೊಟ್ಟಿದ್ದೇನೆ, ಅವರು ನಾನು ಬರೆದ ಹಾಗೆಯೇ ಮಾಡುತ್ತಾರೆ, ಇಷ್ಟನ್ನು ನನಗೆ ಬಂದ ಶಬ್ದಗಳಲ್ಲಿ ಹೇಳಿದೆ. ಅವಳು ತನ್ನ ಭಾಷೆಯಲ್ಲಿ ಯಾರನ್ನೋ ಜೋರಾಗಿ ಕರೆದಳು. ಫೋನನ್ನು ಮೇಜಿನ ಮೇಲೆ ಇಟ್ಟ ಶಬ್ದ ಬಂತು. ಕಟ್ ಮಾಡಲಿಲ್ಲ. ನಾನು ಕಿವಿಗೆ ಒತ್ತಿಕೊಂಡೇ ಇದ್ದೆ. ಓಡುವ ಹೆಜ್ಜೆ, ಬಾಗಿಲು, ದೂರದಲ್ಲಿ ಯಾರೋ ನಕ್ಕದ್ದು, ಚಮಚ ಬಿದ್ದದ್ದು, ರೇಡಿಯೋದ ಹಾಡು. ಅಷ್ಟು ದೂರದ ಒಂದು ಖಾಲಿ ಮೇಜಿನ ಶಬ್ದಗಳನ್ನು ನಾನು ಏಳು ನಿಮಿಷ ಕೇಳಿದೆ. ಆಮೇಲೆ ಲೈನು ತಾನಾಗಿಯೇ ಹೋಯಿತು.

ಮೂರು ಐವತ್ತು.

ಕಾಕನ ಟಿಕೆಟಿನ ಪ್ರಿಂಟು ಆಗಲೇ ಹೊರಗೆ ಬಂದಿತ್ತು. ನೀವು ಹೋಗಿ ಕಾಕ, ಬಸ್ಸು ತಪ್ಪುತ್ತದೆ ಎಂದೆ. ಅವರು ಪಶ್ಚಿಮ ಯಾವ ಕಡೆ ಎಂದು ಕೇಳಿದರು. ನಾನು ತೋರಿಸಿದೆ. ಹೆಗಲ ಮೇಲಿದ್ದ ಶಾಲನ್ನು ಎರಡು ಮೇಜುಗಳ ನಡುವೆ ಹಾಸಿ ನಮಾಜು ಮಾಡಿದರು. ಶಬ್ದವಾಗದ ಹಾಗೆ ನಾನು ಫ್ಯಾನಿನ ವೇಗ ಕಡಿಮೆ ಮಾಡಿದೆ. ಕೆಳಗೆ ಸಿಟಿ ಬಸ್ಸುಗಳ ಕಂಡಕ್ಟರುಗಳು ಊರಿನ ಹೆಸರು ಕೂಗುತ್ತಿದ್ದರು.

ಕಾಯುವಾಗ ನನ್ನ ತಲೆಗೆ ಬಂದದ್ದು ನಮ್ಮೂರಿನ ದೋಣಿ ಕಟ್ಟುವ ದಕ್ಕೆಯ ಕಲ್ಲಿನ ಮೆಟ್ಟಿಲು. ನಮ್ಮ ಅಮ್ಮ ಮೀನಿನ ಬುಟ್ಟಿ ತೊಳೆಯುತ್ತಿದ್ದ ಮೆಟ್ಟಿಲು ಅದು. ಇಳಿತದಲ್ಲಿ ಮೇಲಿನಿಂದ ಐದನೆಯ ಮೆಟ್ಟಿಲಿನಲ್ಲಿ ಕೂತರೆ ಉಬ್ಬರದಲ್ಲಿ ಎರಡನೆಯದಕ್ಕೆ ಏರಿ ಕೂರಬೇಕು. ಮೂರು ಮೆಟ್ಟಿಲು. ನನ್ನ ಕಡಲು ಏರುವುದು ಅಷ್ಟೇ. ಅಲೆಯಲ್ಲಿ ದೋಣಿ ಮಗುಚಿದ್ದನ್ನು ನೋಡಿದ್ದೇನೆ, ಮಳೆಗಾಲದಲ್ಲಿ ಕಡಲು ಮನೆಯ ಗೋಡೆ ತಿಂದದ್ದನ್ನು ನೋಡಿದ್ದೇನೆ, ಆದ್ದರಿಂದ ಕಡಲು ಪೂರ್ತಿ ಗೊತ್ತು ಎಂದುಕೊಂಡಿದ್ದೆ. ಟೀಚರ್ ಆದರೋ ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ ಪೆನ್ಸಿಲ್ ತೆಗೆದಿದ್ದರು. ಅದನ್ನು ನಾನು ಅವರಿಂದ ಕಲಿತಿರಲಿಲ್ಲ.

ನಾಲ್ಕು ಹದಿನೈದು. ನಾಲ್ಕೂವರೆ. ಹೋಟೆಲಿಗೆ ಮತ್ತೆ ಮಾಡಿದರೆ ಎಂಗೇಜ್. ಧಣಿಗಳು ನಾಲ್ಕೂ ನಲವತ್ತಕ್ಕೆ ಮೆಟ್ಟಿಲು ಹತ್ತಿ ಬಂದರು. ನನ್ನನ್ನು ನೋಡಲಿಲ್ಲ. ಇಂಗ್ಲಿಷ್ ಹಾಳೆ ಎತ್ತಿಕೊಂಡು ಆ ದಪ್ಪ ಅಕ್ಷರದ ಸಾಲನ್ನು ಓದಿದರು. ಇದನ್ನು ಯಾಕೆ ಬಿಟ್ಟೆ ಎಂದು ಕೇಳಿದರು. ನಮ್ಮವರಿಗೆ ಬೇಡ ಅಂತ ಗ್ರಹಿಸಿದೆ ಎಂದೆ. ಅವರು ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ, ಕುರ್ಚಿ ಎಳೆದು ಫೋನಿನ ಎದುರು ಕೂತರು.

ಐದಕ್ಕೆ ಐದು ನಿಮಿಷ ಇರುವಾಗ ಫೋನ್ ಬಂತು. ಅದೇ ಹೆಂಗಸು. ಧಣಿಗಳು ಸ್ಪೀಕರ್ ಹಾಕಿದರು. ಹನ್ನೆರಡು ಜನ ಹೋಟೆಲಿನಲ್ಲಿದ್ದಾರೆ, ಎಂದಳು. ಹೋಟೆಲಿನ ತೋಟದ ಕೆಲಸದವನೂ ಅಡುಗೆಯವನೂ ಓಡಿ ಹೋಗಿ ತಲುಪುವಾಗ ಬಂಡೆಯ ಬಾಗಿಲಿನಲ್ಲಿ ನೀರು ಸೊಂಟದವರೆಗೆ ಬಂದಿತ್ತು, ಕೈ ಹಿಡಿದು ಒಬ್ಬೊಬ್ಬರನ್ನೇ ದಾಟಿಸಿದರು. ಇಬ್ಬರು ಹೆಂಗಸರು ಒಳಗೇ ಉಳಿದಿದ್ದಾರೆ, ದಾಟಲು ಆಗಲಿಲ್ಲ. ಅಷ್ಟರಲ್ಲಿ ನೀರು ಬಾಗಿಲು ಮುಚ್ಚಿತು. ಬೋಟು ಹೊರಟಿದೆ.

ಯಾರು ಇಬ್ಬರು ಎಂದು ಕೇಳಿದೆವು. ಹೆಸರು ಅವಳಿಗೆ ಗೊತ್ತಿಲ್ಲ. ನಾನು ಮುಂದೆ ಬಾಗಿ, ಬಿಳಿ ಕೂದಲಾ, ಕೋಲು ಉಂಟಾ ಎಂದು ಕೇಳಿದೆ.

ಯೆಸ್, ಸ್ಟಿಕ್, ಎಂದಳು.

ಅಲ್ಲಿಂದ ಮುಂದಿನ ಒಂದೂವರೆ ಗಂಟೆ ನಾವು ಮೂವರು ಫೋನಿನ ಸುತ್ತ ಕೂತೆವು. ಅದು ನನ್ನ ಟೀಚರ್ ಎಂದು ಕಾಕನಿಗೆ ಹೇಳಿದೆ. ಕಾಕ, ಬಂಡೆ ಇದ್ದಲ್ಲಿ ಕೂರಲು ಎತ್ತರದ ಜಾಗ ಇದ್ದೇ ಇರುತ್ತದೆ, ಟೀಚರ್ ಬುದ್ಧಿವಂತೆ ಅಲ್ಲವಾ ಎಂದರು. ಹೌದು ಎಂದೆ. ಬುದ್ಧಿವಂತೆ ಎನ್ನುವುದೇ ನನ್ನ ಹೆದರಿಕೆಯಾಗಿತ್ತು. ತನಗೆ ಗೊತ್ತಿಲ್ಲದ್ದರಲ್ಲಿ ಗೊತ್ತಿದ್ದವನನ್ನು ನಂಬುವ ಬುದ್ಧಿ ಅವರದು, ಅವರು ನಂಬಿದ್ದು ನನ್ನ ಹಾಳೆಯನ್ನು.

ಈ ನಡುವೆ ಹೋಟೆಲಿಗೆ ತಲುಪಿದವರ ಫೋನುಗಳು ಒಂದೊಂದಾಗಿ ವೈಫೈಗೆ ಬಂದವು. ನನ್ನ ಮಾತು ಆಗ ಅವರಿಗೆ ತಲುಪಿತು. ನಿವೃತ್ತ ಗಣಿತದ ಮಾಸ್ತರರೊಬ್ಬರ ವಾಯ್ಸ್ ಮೆಸೇಜ್ ಬಂತು. ಒಳಗೆ ಉಳಿದ ಇನ್ನೊಬ್ಬರು ಅವರ ಹೆಂಡತಿ. ಅವರು ದಾಟಬಹುದಿತ್ತು, ಟೀಚರನ್ನು ಒಬ್ಬರನ್ನೇ ಬಿಟ್ಟು ಬರುವುದಿಲ್ಲ ಎಂದು ಕೂತರಂತೆ. ಆಮೇಲೆ ಮಾಸ್ತರರು ಹೇಳಿದ್ದು ಹೀಗಿತ್ತು.

"ನೀರು ಬಾಗಿಲಿಗೆ ಬಂದಾಗಲೇ ನಾನು ಹೇಳಿದೆ, ಹೋಗುವ ಅಂತ. ಈ ಟೀಚರ್ ನಿನ್ನ ಹಾಳೆ ತೆಗ್ದು ಎಲ್ಲರ ಎದುರು ಓದಿದ್ರು. ನಾಲ್ಕು ಹೆಜ್ಜೆ ಅಂತೆ. ಅವನು ಕಡಲಿನವ, ಅವನಿಗೆ ಗೊತ್ತುಂಟು, ಕೂತ್ಕೊಳ್ಳಿ ಅಂತ. ನಾವು ಕೂತೆವು. ಇವರ ಮಾತು ಕೇಳಿ ಕೂತೆವು."

ನಾನು ಅದನ್ನು ಎರಡು ಸಲ ಕೇಳಿದೆ. ಮೂರನೆಯ ಸಲ ಒತ್ತುವಾಗ ಧಣಿಗಳು ಫೋನನ್ನು ನನ್ನ ಕೈಯಿಂದ ತೆಗೆದು ಮಗುಚಿ ಇಟ್ಟರು.

ಆರೂ ಇಪ್ಪತ್ತಕ್ಕೆ ಹೋಟೆಲಿನಿಂದ ಸುದ್ದಿ ಬಂತು. ಬೋಟಿನವರು ಇಬ್ಬರನ್ನೂ ತಂದಿದ್ದಾರೆ, ಏನೂ ಆಗಿಲ್ಲ, ಒದ್ದೆಯಾಗಿದ್ದಾರೆ, ಚಳಿ. ಕಾಕ ಅಲ್‌ಹಮ್ದುಲಿಲ್ಲಾ ಎಂದು ಎದ್ದು ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಬಾಗಿಲಿನಲ್ಲಿ ತಿರುಗಿ ನಿಂತು, ದುಬೈಯಲ್ಲಿ ಕಡಲು ಎಷ್ಟು ಏರುತ್ತದೆ ಎಂದು ಮಗಳನ್ನು ಕೇಳಿ ಹೇಳುತ್ತೇನೆ, ನೀನಾಗಿ ಬರೆಯಬೇಡ ಎಂದರು. ಧಣಿಗಳು ಅಷ್ಟು ಹೊತ್ತಿನ ಮೇಲೆ ಮೊದಲ ಸಲ ನಕ್ಕರು. ನನಗೆ ನಗು ಬರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಟೀಚರ್ ಅವರೇ ಫೋನ್ ಮಾಡಿದರು. ಹಲ್ಲು ಕಟಕಟ ಎನ್ನುವುದು ನನಗೆ ಕೇಳುತ್ತಿತ್ತು.

"ಟೀಚರ್, ತಪ್ಪು ನನ್ನದು" ಎಂದೆ.

"ಗೊತ್ತುಂಟು. ಈಗ ಬೇಡ" ಎಂದರು. ಫೋನ್ ಇಟ್ಟರು.

ಆಮೇಲೆ ಉಳಿದ ದಿನ ಅವರು ಗುಂಪಿನಲ್ಲಿ ಒಂದು ಅಕ್ಷರ ಬರೆಯಲಿಲ್ಲ. ಅದಕ್ಕೆ ಮೊದಲು ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾರು ಔಷಧ ಮರೆಯಬಾರದು ಎಂದು ಬರೆಯುತ್ತಿದ್ದವರು ಅವರೇ. ಈಗ ಆ ಕೆಲಸವನ್ನು ಮಾಸ್ತರರು ವಹಿಸಿಕೊಂಡಿದ್ದರು. ಯಾರೋ ಒಬ್ಬರು, ಇನ್ನು ಮೇಲೆ ಓದಿದ್ದನ್ನೆಲ್ಲ ನಂಬುವವರ ಹಿಂದೆ ಹೋಗುವುದು ಬೇಡ ಎಂದು ಬರೆದಿದ್ದರು. ಅದರ ಕೆಳಗೆ ನಗುವ ಮುಖಗಳು. ಫೋಟೋಗಳು ಬರುತ್ತಿದ್ದವು. ಎಲ್ಲದರಲ್ಲೂ ಟೀಚರ್ ಒಂದು ಬದಿಯಲ್ಲಿ, ಮಾಸ್ತರರ ಹೆಂಡತಿಯ ಹತ್ತಿರ ಇದ್ದರು. ನಾಲ್ಕು ತಿಂಗಳು ಮನೆಮನೆಗೆ ಫೋನ್ ಮಾಡಿ ಆ ಹದಿಮೂರು ಮಂದಿಯನ್ನು ಒಟ್ಟು ಮಾಡಿದವರು ಅವರು. ಅವರ ಜೀವ ಬೋಟಿನವರು ಉಳಿಸಿದ್ದರು. ಅವರ ಮಾತಿಗಿದ್ದ ಬೆಲೆಯನ್ನು ಯಾರು ತಂದುಕೊಡುವುದು ಎಂದು ನಾನು ಯೋಚಿಸುತ್ತಿದ್ದೆ. ಗುಂಪಿನಲ್ಲಿ ಬರೆಯೋಣ ಎಂದು ಟೈಪ್ ಮಾಡಲು ಕೂತೆ. ಮೂರು ಸಲ ಬರೆದು ಅಳಿಸಿದೆ. ಬರೆದು ತಪ್ಪಿದವನು ಬರೆದು ತಪ್ಪು ಒಪ್ಪಿಕೊಂಡರೆ ಯಾರು ಓದುತ್ತಾರೆ?

ಗುಂಪು ವಾಪಸ್ ಬರುವ ದಿನ ಬೆಳಿಗ್ಗೆ ಧಣಿಗಳು ನೀನು ಬರುವುದು ಬೇಡ ಎಂದರು. ಜನ ಸಿಟ್ಟಿನಲ್ಲಿದ್ದಾರೆ, ದಾರಿಯಲ್ಲಿ ಮಾತಿಗೆ ಮಾತು ಬೆಳೆಯುವುದು ಬೇಡ. ನಾನು ವ್ಯಾನಿನ ಹಿಂದಿನ ಸೀಟಿನಲ್ಲಿ ಹೋಗಿ ಕೂತೆ. ಅವರು ಕನ್ನಡಿಯಲ್ಲಿ ನೋಡಿ ವ್ಯಾನು ಹೊರಡಿಸಿದರು.

ಬಜಪೆಯಲ್ಲಿ ಮುಂಬೈ ವಿಮಾನದವರು ಹೊರಗೆ ಬರತೊಡಗಿದರು. ನಮ್ಮವರು ಟ್ರಾಲಿ ದೂಡಿಕೊಂಡು ಬಂದರು, ಮಾಸ್ತರರು ಮುಂದೆ. ಕೊನೆಗೆ ಟೀಚರ್, ಕೋಲು ಊರಿಕೊಂಡು, ಜೊತೆಗೆ ಮಾಸ್ತರರ ಹೆಂಡತಿ. ಟ್ಯಾಕ್ಸಿಯವರು ಸುತ್ತ ನಿಂತಿದ್ದರು. ನಾನು ಕಂಬಿಯ ಈಚೆಯಿಂದ ಅವರ ಎದುರು ಹೋಗಿ ನಿಂತೆ. ಕಾಗದದಲ್ಲಿ ಬರೆದು ಕಂಠಪಾಠ ಮಾಡಿದ್ದು ಒಂದೂ ನೆನಪಿಗೆ ಬರಲಿಲ್ಲ. ತಪ್ಪು ಟೀಚರದ್ದಲ್ಲ ಎಂದು ಏನೋ ಹೇಳಿದೆ. ನನಗೇ ಸರಿಯಾಗಿ ಕೇಳಿಸಲಿಲ್ಲ. ಮಾಸ್ತರರು ಟ್ರಾಲಿಯನ್ನು ನನ್ನ ಬದಿಯಿಂದ ದಾಟಿಸಲು ನೋಡಿದರು.

ಹಿಂದಿನಿಂದ ಟೀಚರ ಸ್ವರ ಬಂತು.

"ಇಲ್ಲಿಗೆ ಕೇಳ್ಲಿಲ್ಲ. ಜೋರು ಹೇಳು."

ಎಲ್ಲರೂ ನಿಂತರು. ಅವರು ನನ್ನನ್ನು ಕರುಣೆಯಿಂದ ನೋಡುತ್ತಿರಲಿಲ್ಲ. ಸಂಜೆ ಕ್ಲಾಸಿನಲ್ಲಿ ಉತ್ತರ ಬರುವವರೆಗೆ ಬೋರ್ಡಿನ ಹತ್ತಿರದಿಂದ ಕಳಿಸದ ಹಾಗೆ ನೋಡುತ್ತಿದ್ದರು.

ನಾನು ಜೋರಾಗಿ ಹೇಳಿದೆ. "ಇಂಗ್ಲಿಷ್ ಹಾಳೆಯಲ್ಲಿ ಸರಿ ಇತ್ತು. ಪಟ್ಟಿ ನೋಡಿ ಹೋಗಿ ಅಂತ ಇತ್ತು. ನಾನು ಅದನ್ನು ತೆಗ್ದು ನಮ್ಮ ದಕ್ಕೆಯ ನೀರು ಹಾಕಿದೆ. ಯಾರನ್ನೂ ಕೇಳ್ಲಿಲ್ಲ. ಟೀಚರ್ ನಾನು ಬರ್ದದ್ದನ್ನು ಓದಿದ್ದು ಮಾತ್ರ. ನಿಮ್ಮನ್ನು ಅಲ್ಲಿ ಕೂರಿಸಿದ್ದು ನಾನು."

ಟ್ಯಾಕ್ಸಿಯವರೂ ಕೇಳುತ್ತಿದ್ದರು. ಮಾಸ್ತರರು ನನ್ನನ್ನು ನೋಡಿದರು, ಬೈಯಲು ಬಾಯಿ ತೆರೆದರು ಎಂದೇ ನನಗೆ ಕಂಡಿತು. ಅವರ ಹೆಂಡತಿ ಹಿಂದಿನಿಂದ, "ಕೇಳಿತಲ್ಲ ನಿಮಗೆ? ಇನ್ನು ಟ್ರಾಲಿ ದೂಡಿ, ನನಗೆ ಗಂಜಿ ಉಣ್ಬೇಕು" ಎಂದರು. ಒಬ್ಬಿಬ್ಬರು ನಕ್ಕರು. ಮಾಸ್ತರರು ನಗಲಿಲ್ಲ.

ವ್ಯಾನಿನ ಹತ್ತಿರ ಬ್ಯಾಗುಗಳನ್ನು ಹಿಂದೆ ಜೋಡಿಸಿದೆವು. ಹೋಗುವ ದಿನ ಟೀಚರ್ ಕೂತಿದ್ದ, ಡ್ರೈವರಿನ ಪಕ್ಕದ ಸೀಟಿನ ಬಾಗಿಲನ್ನು ಮಾಸ್ತರರು ತೆರೆದರು. ಒಂದು ಕಾಲು ಮೇಲಿಟ್ಟವರು ಕೆಳಗಿಳಿಸಿದರು. ಬಾಗಿಲು ಹಿಡಿದುಕೊಂಡೇ ಬದಿಗೆ ನಿಂತು, ಬನ್ನಿ ಟೀಚರ್ ಎಂದರು. ಟೀಚರ್ ಬಿಸಿಲಿನಲ್ಲಿ ಕೋಲು ಊರಿಕೊಂಡು ಆ ಇಪ್ಪತ್ತು ಅಡಿ ನಡೆದು ಬಂದರು. ಮೊಣಕಾಲು ಮೊದಲಿಗಿಂತ ಕೆಟ್ಟಿತ್ತು, ಹೊತ್ತು ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.